ತೊರೂನ್‌ನ ವೇಸೆ ಮನೆತನ ಮತ್ತು ಜಿಂಜರ್‌ಬ್ರೆಡ್ ಪರಂಪರೆ

ಪೋಲೆಂಡಿನಲ್ಲಿ ವಿಸ್ತುಲಾ ನದಿಯ ದಂಡೆಯ ಮೇಲಿರುವ ತೊರೂನ್ ನಗರ ಹೊರಗಿನವರಿಗೆ ಎರಡು ಕಾರಣಗಳಿಂದ ಪರಿಚಿತ. ಖಗೋಳ ವಿಜ್ಞಾನಿ ಕೊಪರ್ನಿಕಸ್ 1473ರಲ್ಲಿ ಹುಟ್ಟಿದ ಊರು ಅದು. ಜಿಂಜರ್‌ಬ್ರೆಡ್ಡಿನ ಊರೂ ಅದೇ. ಈ ಎರಡನೆಯ ಖ್ಯಾತಿಯನ್ನು ಕೈಕಸುಬಿನ ಕಾಲದಿಂದ ಕಾರ್ಖಾನೆಯ ಕಾಲಕ್ಕೆ ದಾಟಿಸಿದ್ದು ವೇಸೆ ಎಂಬ ಮನೆತನ. 1763ರಲ್ಲಿ ಯೋಹಾನ್ ವೇಸೆ ಆರಂಭಿಸಿದ ಬೇಕರಿ 1939ರವರೆಗೂ ಆ ಮನೆತನದ ಕೈಯಲ್ಲೇ ಇತ್ತು. ಮನೆತನ ಊರು ಬಿಟ್ಟ ಮೇಲೂ ಕಸುಬು ನಿಲ್ಲಲಿಲ್ಲ. ವೇಸೆಗಳ ಉದ್ಯಮದ ಮುಂದುವರಿಕೆಯಾದ ಕಂಪನಿ ಇಂದಿಗೂ ಅದೇ ಊರಿನಲ್ಲಿ ಜಿಂಜರ್‌ಬ್ರೆಡ್ ತಯಾರಿಸುತ್ತಿದೆ.

ಜಿಂಜರ್‌ಬ್ರೆಡ್ ಎನ್ನುವುದು ಜೇನುತುಪ್ಪ, ಹಿಟ್ಟು ಮತ್ತು ಸಂಬಾರ ಪದಾರ್ಥಗಳನ್ನು ಕಲಸಿ ಬೇಯಿಸುವ, ಬಹುಕಾಲ ಕೆಡದೆ ಉಳಿಯುವ ಯೂರೋಪಿನ ಹಳೆಯ ತಿನಿಸು. ಅದರಲ್ಲಿ ಶುಂಠಿ ಇರಲೇಬೇಕೆಂದಿಲ್ಲ. ದಾಲ್ಚಿನ್ನಿ, ಲವಂಗ, ಏಲಕ್ಕಿ, ಜಾಯಿಕಾಯಿ, ಕರಿಮೆಣಸು ಇವುಗಳ ಹದವಾದ ಬೆರಕೆಯೇ ಅದರ ಜೀವ, ಆ ಪ್ರಮಾಣವೇ ಒಂದೊಂದು ಮನೆತನದ ಗುಟ್ಟು. ಜರ್ಮನರು ಇದನ್ನು ಲೆಬ್‌ಕೂಖೆನ್ ಎನ್ನುತ್ತಾರೆ, ಫ್ರೆಂಚರು ಪ್ಯಾಂ ದೆಪೀಸ್, ರಷ್ಯನ್ನರು ಪ್ರ್ಯಾನಿಕ್, ಪೋಲಿಷ್ ಜನ ಪ್ಯೆರ್ನಿಕ್. ಹೆಸರು ಬೇರೆಯಾದಂತೆ ಹದವೂ ಬೇರೆ. ಕೆಲವು ಮೆತ್ತಗಿನ ಕೇಕಿನಂತಿದ್ದರೆ ಕೆಲವು ಹಲ್ಲಿಗೆ ಸವಾಲೊಡ್ಡುವಷ್ಟು ಗಟ್ಟಿ.

ಊರು ಮತ್ತು ಅದರ ಸಾಮಗ್ರಿ

ಟ್ಯೂಟಾನಿಕ್ ಯೋಧಸಂಘ 1233ರಲ್ಲಿ ತೊರೂನ್‌ಗೆ ನಗರದ ಸನ್ನದು ಕೊಟ್ಟಿತು. ಹ್ಯಾನ್ಸಿಯಾಟಿಕ್ ವರ್ತಕ ಕೂಟದ ಸದಸ್ಯತ್ವ ಪಡೆದ ಈ ಊರು ದಕ್ಷಿಣದ ಧಾನ್ಯ, ಮರ, ಮೇಣಗಳು ವಿಸ್ತುಲಾ ನದಿಯಲ್ಲಿ ಗ್ದಾನ್ಸ್ಕ್ ಬಂದರಿಗೆ ಇಳಿಯುವ ದಾರಿಯಲ್ಲಿತ್ತು. ಬಂದರಿನಿಂದ ಉಪ್ಪು, ಬಟ್ಟೆ, ಸಂಬಾರಗಳು ಅದೇ ನದಿಯಲ್ಲಿ ಮೇಲಕ್ಕೆ ಬರುತ್ತಿದ್ದವು. ಸುತ್ತಲಿನ ಹೊಲಗಳ ಫಲವತ್ತಾದ ಮಣ್ಣು ಒಳ್ಳೆಯ ಗೋಧಿಯನ್ನೂ ರೈಯನ್ನೂ ಬೆಳೆಯುತ್ತಿತ್ತು. ಕಾಡುಗಳಲ್ಲಿ ಜೇನಿಗೆ ಬರವಿರಲಿಲ್ಲ. ಹಿಟ್ಟು, ಜೇನು, ಸಂಬಾರ ಮೂರೂ ಒಂದೇ ಊರಿನ ಸಂತೆಯಲ್ಲಿ ಸಿಗುವುದು ಆ ಕಾಲದ ಯೂರೋಪಿನಲ್ಲಿ ಸಾಮಾನ್ಯ ಸಂಗತಿಯಲ್ಲ. ತೊರೂನ್ ಜಿಂಜರ್‌ಬ್ರೆಡ್ಡಿಗೆ ಹೆಸರಾದದ್ದಕ್ಕೆ ಯಾವುದೇ ದಂತಕಥೆಗಿಂತ ಇದು ಗಟ್ಟಿಯಾದ ವಿವರಣೆ. ಈ ಊರಿನ ಜಿಂಜರ್‌ಬ್ರೆಡ್ ತಯಾರಿಕೆಯ ಮೊದಲ ಲಿಖಿತ ಉಲ್ಲೇಖ 1380ರದು. ನಿಕ್ಲೋಸ್ ಚಾನ್ ಎಂಬ ಬೇಕರಿಯವನ ಹೆಸರು ಅದರಲ್ಲಿ ಬರುತ್ತದೆ. ವೇಸೆ ಮನೆತನ ಕಣಕ್ಕಿಳಿಯುವ ಹೊತ್ತಿಗೆ ಊರಿನ ಪರಂಪರೆಗೆ ಆಗಲೇ ಸುಮಾರು ನಾಲ್ಕು ಶತಮಾನ ತುಂಬಿತ್ತು ಎಂಬುದನ್ನು ನೆನಪಿಡಬೇಕು.

ಇಲ್ಲಿ ಕನ್ನಡ ಕರಾವಳಿಯ ಪಾತ್ರವನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಮಧ್ಯಯುಗದಲ್ಲಿ ಯೂರೋಪ್ ತಿಂದ ಕರಿಮೆಣಸು ಮತ್ತು ಶುಂಠಿಯ ಬಹುಪಾಲು ಭಾರತದ ಪಶ್ಚಿಮ ಕರಾವಳಿಯಿಂದ ಅರಬ್ ವರ್ತಕರ ಹಡಗುಗಳಲ್ಲಿ ಅಲೆಕ್ಸಾಂಡ್ರಿಯಾಕ್ಕೆ ಹೋಗಿ, ಅಲ್ಲಿಂದ ವೆನಿಸ್ ಮೂಲಕ ಉತ್ತರಕ್ಕೆ ಹಂಚಿಕೆಯಾಗುತ್ತಿತ್ತು. 1498ರಲ್ಲಿ ವಾಸ್ಕೋ ಡ ಗಾಮಾ ಕಲ್ಲಿಕೋಟೆ ಮುಟ್ಟಿದ ಮೇಲೆ ಲಿಸ್ಬನ್ ಮತ್ತು ಆಂಟ್ವರ್ಪ್ ದೊಡ್ಡ ಪೇಟೆಗಳಾದವು. ಮಲಬಾರಿನ ಜೊತೆಗೆ ಭಟ್ಕಳ, ಹೊನ್ನಾವರ, ಬಸರೂರುಗಳ ಬಂದರುಗಳೂ ಘಟ್ಟದ ಮೆಣಸನ್ನು ಈ ವ್ಯಾಪಾರಕ್ಕೆ ಒದಗಿಸಿದವು. 16ನೇ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಈ ಕಾರಣಕ್ಕೆ. ವಿಸ್ತುಲಾ ದಂಡೆಯ ಒಲೆಯಲ್ಲಿ ಬೆಂದ ತಿನಿಸಿನ ಖಾರದ ಮೂಲ ಸಹ್ಯಾದ್ರಿಯ ಈ ಇಳಿಜಾರುಗಳು. ಯೂರೋಪಿನ ಬರಹಗಳು ಜಿಂಜರ್‌ಬ್ರೆಡ್ಡನ್ನು ಅಪ್ಪಟ ಸ್ಥಳೀಯ ತಿನಿಸೆಂದು ಹೊಗಳುವಾಗ ಈ ಅರ್ಧವನ್ನು ಬಿಟ್ಟುಬಿಡುತ್ತವೆ. ಅದು ಕಡಲಾಚೆಯ ಬೆಳೆಗಾರರ ದುಡಿಮೆ ಬೆರೆತ ತಿನಿಸು ಎಂದು ಒಪ್ಪಿಕೊಂಡರೆ ಅದರ ಚರಿತ್ರೆ ಪೂರ್ಣವಾಗುತ್ತದೆ.

ಸಂಬಾರ ದುಬಾರಿಯಾಗಿದ್ದ ಕಾಲದಲ್ಲಿ ಜಿಂಜರ್‌ಬ್ರೆಡ್ ಬಡವರ ತಿಂಡಿಯಾಗಿರಲಿಲ್ಲ. ಜೀರ್ಣಕ್ಕೆ ಒಳ್ಳೆಯದೆಂದು ಔಷಧಿ ಅಂಗಡಿಗಳಲ್ಲೂ ಮಾರುತ್ತಿದ್ದರು. ಊರಿಗೆ ಬಂದ ರಾಜರಿಗೂ ಗಣ್ಯರಿಗೂ ನಗರಸಭೆ ಕಾಣಿಕೆಯಾಗಿ ಕೊಡುತ್ತಿತ್ತು. ಜರ್ಮನಿಯ ನ್ಯೂರೆಂಬರ್ಗ್ ಈ ಕಸುಬಿನ ಇನ್ನೊಂದು ದೊಡ್ಡ ಕೇಂದ್ರ. ಅಲ್ಲಿ ಬೇಕರಿಯವರ ಸಂಘದಿಂದ ಬೇರೆಯಾಗಿ ಜಿಂಜರ್‌ಬ್ರೆಡ್ಡಿನವರದೇ ಸಂಘ ಸ್ಥಾಪನೆಯಾದದ್ದು 1643ರಲ್ಲಿ. ಅದಕ್ಕೂ ಮೊದಲೇ, 1556ರಲ್ಲಿ, ಎರಡೂ ಊರುಗಳ ತಯಾರಕರು ಒಂದು ಒಪ್ಪಂದಕ್ಕೆ ಬಂದಿದ್ದರು: ಅಲ್ಲಿಯವರು ಇಲ್ಲಿಯ ಬಗೆಯನ್ನೂ ಇಲ್ಲಿಯವರು ಅಲ್ಲಿಯ ಬಗೆಯನ್ನೂ ಬೇಯಿಸಬಹುದು. ತಮ್ಮ ಗುಟ್ಟನ್ನು ಎದೆಗವಚಿಕೊಂಡಿದ್ದ ಕಸುಬುದಾರರು ಪೈಪೋಟಿಗೆ ಇಂಥ ಪರಿಹಾರ ಕಂಡುಕೊಂಡದ್ದು ಮೆಚ್ಚತಕ್ಕ ಮಾತು.

ಕಣಕದ ಮಾಗುವಿಕೆ

ಜಿಂಜರ್‌ಬ್ರೆಡ್ಡಿನ ಕಣಕ ಬ್ರೆಡ್ಡಿನ ಕಣಕದಂತಲ್ಲ. ಬಿಸಿಮಾಡಿದ ಜೇನನ್ನು ಹಿಟ್ಟಿಗೆ ಸುರಿದು ಕಲಸಿ, ಮರದ ಪಾತ್ರೆಗಳಲ್ಲಿ ತುಂಬಿ, ತಂಪಾದ ನೆಲಮಾಳಿಗೆಯಲ್ಲಿ ಮಾಗಲು ಬಿಡುತ್ತಾರೆ. ವಾರಗಟ್ಟಲೆ, ತಿಂಗಳುಗಟ್ಟಲೆ, ಹಿಂದಿನ ಕಾಲದಲ್ಲಿ ಇನ್ನೂ ಹೆಚ್ಚು. ಮಗಳು ಹುಟ್ಟಿದಾಗ ಕಲಸಿಟ್ಟ ಕಣಕವನ್ನು ಅವಳ ಮದುವೆಗೆ ಬಳುವಳಿಯಾಗಿ ಕೊಡುತ್ತಿದ್ದರು ಎಂಬ ಮಾತು ತೊರೂನ್‌ನಲ್ಲಿ ಪ್ರಚಲಿತ. ಅಕ್ಷರಶಃ ಎಷ್ಟು ನಿಜವೋ, ಮಾಗಿದ ಕಣಕವನ್ನು ಆಸ್ತಿಯಂತೆ ಕಾಣುತ್ತಿದ್ದರೆಂಬುದನ್ನಂತೂ ಅದು ಸರಿಯಾಗಿ ಹೇಳುತ್ತದೆ.

ಈ ಮಾಗುವಿಕೆಗೆ ರಾಸಾಯನಿಕ ಕಾರಣವಿದೆ. ಜೇನಿನ ಸಕ್ಕರೆ ಅಷ್ಟು ಸಾಂದ್ರವಾಗಿರುವಲ್ಲಿ ಯೀಸ್ಟ್ ಕೆಲಸ ಮಾಡಲಾರದು, ಕಣಕವನ್ನು ಉಬ್ಬಿಸಲಾರದು. ಹಾಗಾಗಿ ಹಳಬರು ಮರದ ಬೂದಿಯಿಂದ ತೆಗೆದ ಕ್ಷಾರವನ್ನು, ಅಂದರೆ ಪೊಟ್ಯಾಸಿಯಂ ಕಾರ್ಬೊನೇಟನ್ನು, ಬೇಯಿಸುವ ಮುನ್ನ ಕಣಕಕ್ಕೆ ನಾದುತ್ತಿದ್ದರು. ಕ್ಷಾರ ಅನಿಲ ಬಿಡಬೇಕಾದರೆ ಆಮ್ಲ ಬೇಕು. ಕಣಕ ಸುಮ್ಮನೆ ಕೂತ ತಿಂಗಳುಗಳಲ್ಲಿ ಅದರೊಳಗೆ ನಿಧಾನವಾಗಿ ಹುಳಿ ಹುಟ್ಟುತ್ತದೆ. ಆ ಹುಳಿ ಕ್ಷಾರದೊಡನೆ ಬೆರೆತಾಗ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗಿ ಒಲೆಯಲ್ಲಿ ತಿನಿಸು ಅಗಲಗಲಕ್ಕೆ ಅರಳುತ್ತದೆ. ಕಾಯುವಿಕೆ ಬರೀ ರುಚಿಯ ಶೋಕಿಯಲ್ಲ, ಅದಿಲ್ಲದಿದ್ದರೆ ಕಣಕ ಸರಿಯಾಗಿ ಉಬ್ಬುವುದೇ ಇಲ್ಲ. ರಸಾಯನಶಾಸ್ತ್ರ ಹುಟ್ಟುವ ಮುಂಚೆ, ಕೇವಲ ಕೈ ಮತ್ತು ಮೂಗಿನ ಅನುಭವದಿಂದ ಇದನ್ನು ಕಂಡುಕೊಂಡವರ ಜಾಣ್ಮೆ ದೊಡ್ಡದು.

ಕೆಡದಿರುವ ಗುಣವೂ ಜೇನಿನದೇ. ನೀರಿನಂಶ ಕಡಿಮೆ, ಸಕ್ಕರೆ ಹೆಚ್ಚು. ಬೂಸ್ಟಿಗೆ ಅಲ್ಲಿ ಜಾಗವಿಲ್ಲ. ಒಲೆಯಿಂದ ತೆಗೆದು ಆರಿಸಿದಾಗ ಗಟ್ಟಿಯಾಗುವ ಜಿಂಜರ್‌ಬ್ರೆಡ್ ಗಾಳಿಯ ತೇವವನ್ನು ಹೀರಿಕೊಂಡು ಕೆಲವು ವಾರಗಳಲ್ಲಿ ಮತ್ತೆ ಮೆತ್ತಗಾಗುತ್ತದೆ. ದೂರದ ಸಂತೆಗೆ ಗಾಡಿಯಲ್ಲಿ ಸಾಗಿಸುವ ವ್ಯಾಪಾರಿಗೆ ಇದಕ್ಕಿಂತ ಒಳ್ಳೆಯ ಸರಕು ಯಾವುದು?

ಬೇಕರಿಗಳು ಮನೆತನಗಳಲ್ಲಿ ಉಳಿದುಬರಲು ಈ ನಿಧಾನವೇ ಮುಖ್ಯ ಕಾರಣ ಎನ್ನಬಹುದು. ಜೇನಿಗೂ ಸಂಬಾರಕ್ಕೂ ಹಾಕಿದ ಹಣ ತಿಂಗಳುಗಟ್ಟಲೆ ನೆಲಮಾಳಿಗೆಯಲ್ಲಿ ಕೂತಿರುತ್ತಿತ್ತು. ಇಂದು ಹೂಡಿ ನಾಳೆ ಎಣಿಸಿಕೊಳ್ಳುವವನಿಗೆ ಈ ವ್ಯಾಪಾರ ಒಗ್ಗದು. ತಂದೆ ಕಲಸಿಟ್ಟದ್ದನ್ನು ಮಗ ಬೇಯಿಸುವ ಭರವಸೆ ಇದ್ದಲ್ಲಿ ಮಾತ್ರ ಇದು ನಡೆಯುತ್ತಿತ್ತು. ಜೇನುಗೂಡು ಕೊಳ್ಳುವವನಿಗೆ ಮೇಣವೂ ಸಿಗುವುದರಿಂದ ಮಧ್ಯ ಯೂರೋಪಿನ ಅನೇಕ ಕಡೆ ಜಿಂಜರ್‌ಬ್ರೆಡ್ ಮನೆಗಳೇ ಮೇಣದಬತ್ತಿಯನ್ನೂ ಜೇನಿನ ಮದ್ಯವನ್ನೂ ಮಾಡುತ್ತಿದ್ದವು.

ಮರದ ಅಚ್ಚುಗಳು

ಮನೆತನದ ಎರಡನೆಯ ಆಸ್ತಿ ಅಚ್ಚುಗಳು. ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಹಲಗೆಗಳನ್ನು ಬಲ್ಲ ಕನ್ನಡಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಸಕ್ಕರೆ ಅಚ್ಚಿಗೆ ಎರಡು ಹೋಳುಗಳನ್ನು ಬಿಗಿದು ಪಾಕ ಹೊಯ್ಯುತ್ತಾರೆ. ಜಿಂಜರ್‌ಬ್ರೆಡ್ ಅಚ್ಚಿಗೆ ಒಂದೇ ಮುಖ. ನಯವಾದ, ಸಣ್ಣ ಎಳೆಗಳ ಮರವೇ ಆಗಬೇಕು: ಪೇರ್ ಅಥವಾ ಲಿಂಡನ್. ಕೆತ್ತನೆಗಾರ ಚಿತ್ರವನ್ನು ತಿರುವುಮುರುವಾಗಿ, ಒಳಮುಖವಾಗಿ ಕೊರೆಯುತ್ತಾನೆ. ಮೂಗು ಎದ್ದು ಕಾಣಬೇಕಾದಲ್ಲಿ ಹಳ್ಳ ತೋಡಬೇಕು, ಅಕ್ಷರಗಳನ್ನು ಹಿಂದುಮುಂದಾಗಿ ಬರೆಯಬೇಕು. ಗೆರೆ ತೀರಾ ಸಣ್ಣದಾದರೆ ಕಣಕ ಅದರೊಳಗೆ ಇಳಿಯುವುದಿಲ್ಲ, ಅಂಚು ತೀರಾ ಕಡಿದಾದರೆ ಕಣಕ ಬಿಟ್ಟುಬರುವುದಿಲ್ಲ, ಬೆಂದಾಗ ಉಬ್ಬುವುದರಿಂದ ಮೊಗದ ಗೆರೆಗಳು ಮಸುಕಾಗುವುದನ್ನೂ ಮೊದಲೇ ಲೆಕ್ಕ ಹಾಕಬೇಕು. ಎಣ್ಣೆ ಸವರಿದ ಅಚ್ಚಿಗೆ ಗಟ್ಟಿ ಕಣಕವನ್ನು ಹೆಬ್ಬೆರಳಿನಿಂದ ನಡುವಿನಿಂದ ಅಂಚಿನ ಕಡೆಗೆ ಒತ್ತಿ, ಮೇಲಿನ ಹೆಚ್ಚುವರಿಯನ್ನು ಸವರಿ ತೆಗೆದು, ಅಚ್ಚನ್ನು ಮಗುಚಿ ಬಡಿದು ಬಿಡಿಸಿಕೊಳ್ಳುತ್ತಾರೆ.

ತೊರೂನ್‌ನ ಜಿಲ್ಲಾ ವಸ್ತುಸಂಗ್ರಹಾಲಯದಲ್ಲಿ 17ನೇ ಮತ್ತು 18ನೇ ಶತಮಾನದ ಅಚ್ಚುಗಳ ಅಮೂಲ್ಯ ಸಂಗ್ರಹವಿದೆ. ಪೋಲೆಂಡಿನ ವಾಸಾ ವಂಶದ ರಾಜರು, ಉಡುಪಿನ ಕಸೂತಿ ಎಣಿಸುವಷ್ಟು ಸ್ಪಷ್ಟವಾದ ರಾಣಿಯರು, ಕುದುರೆ ಸವಾರರು, ರಥದಂಥ ಗಾಡಿಗಳು, ಹೃದಯಗಳು, ಬಟ್ಟೆಯಲ್ಲಿ ಸುತ್ತಿದ ಹಸುಗೂಸುಗಳು ಅಲ್ಲಿವೆ. ಹಸುಗೂಸಿನ ಆಕೃತಿ ನವದಂಪತಿಗಳಿಗೆ ಹಾರೈಕೆಯ ಕಾಣಿಕೆ. ಇಂಥ ದೊಡ್ಡ ಆಕೃತಿಗಳನ್ನು ತಿನ್ನುವುದಕ್ಕಿಂತ ಗೋಡೆಗೆ ತೂಗುಹಾಕಿಕೊಳ್ಳುವುದೇ ಹೆಚ್ಚಾಗಿತ್ತು. ಬಣ್ಣದ ಚಿತ್ರಗಳನ್ನು ಕೊಳ್ಳಲಾಗದ ಮನೆಗಳಿಗೆ ರಾಜನ ಮುಖ ಹೀಗೆ ಒಲೆಯ ಮೂಲಕ ಬಂತು. ಅಚ್ಚು ಕೆತ್ತಿದವರ ಹೆಸರುಗಳಲ್ಲಿ ಬಹುಪಾಲು ಅಳಿಸಿಹೋಗಿವೆ. ಯೂರೋಪಿನ ಮರಗೆತ್ತನೆಯ ಚರಿತ್ರೆಯಲ್ಲಿ ಈ ಕಲಾವಿದರಿಗೆ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲ.

ತೊರೂನ್‌ನ ಹೆಚ್ಚು ಜನಪ್ರಿಯ ಆಕಾರಕ್ಕೆ ಮಾತ್ರ ಇಷ್ಟೆಲ್ಲ ಕೆತ್ತನೆ ಬೇಕಾಗಿಲ್ಲ. ಅದು ಕಟರ್ಝಿಂಕಾ: ಆರು ದುಂಡು ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡ ಆಕಾರ. ಕಾಯಿಲೆ ಬಿದ್ದ ಬೇಕರಿಯವನ ಮಗಳು ಕಟರ್ಝಿನಾ ಬಿಲ್ಲೆಗಳನ್ನು ಒತ್ತೊತ್ತಾಗಿ ಜೋಡಿಸಿದ್ದರಿಂದ ಅವು ಒಲೆಯಲ್ಲಿ ಕೂಡಿಕೊಂಡವಂತೆ. ಸಂತ ಕ್ಯಾಥರೀನಳ ದಿನವಾದ ನವೆಂಬರ್ 25ರಿಂದ ಕ್ರಿಸ್‌ಮಸ್ಸಿನ ಬೇಕರಿ ಕೆಲಸ ಶುರುವಾಗುತ್ತಿದ್ದುದೂ ಹೆಸರಿಗೆ ಕಾರಣವೆನ್ನುತ್ತಾರೆ.

ವೇಸೆಗಳ ಕಾಲ

ಯೋಹಾನ್ ವೇಸೆ ಬೇಕರಿ ಹಾಕಿದಾಗ ತೊರೂನ್ ಪೋಲಿಷ್ ರಾಜರ ಆಳ್ವಿಕೆಗೆ ಒಳಪಟ್ಟ, ಜರ್ಮನ್ ಮಾತಾಡುವ ವರ್ತಕರು ಹೆಚ್ಚಾಗಿದ್ದ ಊರು. 1793ರಲ್ಲಿ ಪ್ರಷ್ಯಾ ಅದನ್ನು ನುಂಗಿತು. 1807ರಿಂದ 1815ರವರೆಗೆ ನೆಪೋಲಿಯನ್ ಕಟ್ಟಿದ ವಾರ್ಸಾ ಸಂಸ್ಥಾನಕ್ಕೆ ಸೇರಿ, ಮತ್ತೆ ಪ್ರಷ್ಯಾಕ್ಕೆ ಮರಳಿ, 1920ರಲ್ಲಿ ಸ್ವತಂತ್ರ ಪೋಲೆಂಡಿನ ಭಾಗವಾಯಿತು. ಇಷ್ಟು ಸಲ ಗಡಿ ಸರಿದರೂ ಒಲೆ ಆರಲಿಲ್ಲ.

1825ರಲ್ಲಿ, ಹದಿಹರೆಯದ ಫ್ರೆಡೆರಿಕ್ ಶೋಪಾನ್ ರಜೆಯಲ್ಲಿ ಈ ಊರಿಗೆ ಬಂದ. ಗೆಳೆಯ ಯಾನ್ ಮತುಶಿನ್ಸ್ಕಿಗೆ ಬರೆದ ಪತ್ರದಲ್ಲಿ ಕೋಟೆ, ನಗರಭವನ, ಕೊಪರ್ನಿಕಸ್ಸನ ಮನೆ ಎಲ್ಲವನ್ನೂ ನೋಡಿದ್ದಾಗಿ ಹೇಳಿ, ತನ್ನ ಮನಸ್ಸನ್ನು ಎಲ್ಲಕ್ಕಿಂತ ಸೆಳೆದದ್ದು ಜಿಂಜರ್‌ಬ್ರೆಡ್ ಎಂದು ಒಪ್ಪಿಕೊಂಡ. ಮುಂದೆ ಜಗತ್ತು ಕೊಂಡಾಡಿದ ಸಂಗೀತಗಾರನಿಗೆ ಆಗ ಹದಿನೈದು ವರ್ಷ.

19ನೇ ಶತಮಾನದಲ್ಲಿ ಗುಸ್ತಾವ್ ವೇಸೆ ಎಂಬ ಹೆಸರು, ತಲೆಮಾರಿನಿಂದ ತಲೆಮಾರಿಗೆ ಮನೆತನದಲ್ಲಿ ಮರುಕಳಿಸಿದ ಹೆಸರು, ಉದ್ಯಮದ ಗುರುತಾಯಿತು. ರೈಲು ಬಂತು, 1873ರ ಹೊತ್ತಿಗೆ ವಿಸ್ತುಲಾ ಮೇಲೆ ರೈಲು ಸೇತುವೆಯೂ ಎದ್ದಿತು. ಹಬ್ಬದ ಸಂತೆಗೆ ಮೀಸಲಾಗಿದ್ದ ಸರಕು ಡಬ್ಬಗಳಲ್ಲಿ ದೂರದ ಪೇಟೆಗಳಿಗೆ ಹೋಗತೊಡಗಿತು. ಹಳೆಯ ಊರಿನೊಳಗೆ ಸ್ತ್ರುಮಿಕೋವಾ ಬೀದಿಯಲ್ಲಿ ವೇಸೆಗಳು ಕಾರ್ಖಾನೆ ನಡೆಸಿದರು. 20ನೇ ಶತಮಾನದ ಆರಂಭದಲ್ಲಿ ಅದೂ ಸಾಲದಾಗಿ ಹಳೆಯ ಊರಿನ ಹೊರಗೆ ಇನ್ನೂ ದೊಡ್ಡದನ್ನು ಕಟ್ಟಿದರು. 19ನೇ ಶತಮಾನದ ಮಧ್ಯಭಾಗದಲ್ಲಿ ಹುಟ್ಟಿದ ಹೆರ್ಮನ್ ಥಾಮಸ್ ಸಂಸ್ಥೆ ಅವರ ನೇರ ಪ್ರತಿಸ್ಪರ್ಧಿಯಾಗಿತ್ತು. ನಂತರ ಬಂದ ಯಾನ್ ರುಖ್ನಿಯೆವಿಚ್ ಪೋಲಿಷ್ ಗ್ರಾಹಕರ ಪರವಾಗಿ ಮಾರುಕಟ್ಟೆಯಲ್ಲಿ ನಿಂತ.

ಅದೇ ಶತಮಾನ ತಿನಿಸಿನ ಒಡಲನ್ನೂ ಬದಲಿಸಿತು. 19ನೇ ಶತಮಾನದ ಮೊದಲ ವರ್ಷಗಳಲ್ಲಿ ಸಿಲೇಸಿಯಾದ ಕುನೆರ್ನ್‌ನಲ್ಲಿ ಫ್ರಾಂಟ್ಸ್ ಆಖಾರ್ಡ್ ಬೀಟ್ ಸಕ್ಕರೆಯ ಮೊದಲ ಕಾರ್ಖಾನೆ ತೆರೆದ. 1880ರ ದಶಕದ ವೇಳೆಗೆ ತೊರೂನ್ ಪಕ್ಕದ ಹೆಲ್ಮ್‌ಜಾದಲ್ಲೇ ಯೂರೋಪಿನ ದೊಡ್ಡ ಸಕ್ಕರೆ ಕಾರ್ಖಾನೆಗಳಲ್ಲೊಂದು ತಲೆಯೆತ್ತಿತು. ಸಕ್ಕರೆ ಅಗ್ಗವಾದಾಗ ಜೇನಿನ ಪಾಲು ಇಳಿಯಿತು. ಕಾರ್ಖಾನೆಯಲ್ಲಿ ತಯಾರಾದ ಉಬ್ಬಿಸುವ ಪುಡಿಗಳು ಬಂದಾಗ ತಿಂಗಳುಗಟ್ಟಲೆ ಕಾಯುವ ಅನಿವಾರ್ಯತೆ ತಪ್ಪಿತು. ಯಂತ್ರ ಒಂದೇ ಸಮನೆ ಕತ್ತರಿಸುವ ಸರಳ ಆಕಾರಗಳ ಮುಂದೆ ಕೆತ್ತಿದ ಅಚ್ಚುಗಳು ಅಟ್ಟ ಸೇರಿದವು, ಮೇಲೆ ಚಾಕೊಲೇಟ್ ಹೊದಿಕೆ ಬಂತು. ಇದರಲ್ಲಿ ಲಾಭವೂ ಇತ್ತು: ಹಿಂದೆ ಶ್ರೀಮಂತರ ಮೇಜಿಗೆ ಸೀಮಿತವಾಗಿದ್ದದ್ದು ಕೂಲಿಕಾರರ ಮನೆಗೂ ತಲುಪಿತು. ಆದರೆ ಅಚ್ಚು ಕೆತ್ತುವ ಕೌಶಲ ಆ ಅವಧಿಯಲ್ಲಿ ಕಳೆದುಕೊಂಡದ್ದನ್ನು ಮುಂದೆ ಯಾವ ಪುನರುಜ್ಜೀವನವೂ ಪೂರ್ತಿಯಾಗಿ ತುಂಬಿಕೊಟ್ಟಿಲ್ಲ.

1939ರಲ್ಲಿ ಮನೆತನದ ಕೊನೆಯ ಒಡೆಯ, ಅವನೂ ಗುಸ್ತಾವ್, ಕಾರ್ಖಾನೆಯನ್ನು ಮಾರಿದ. ಎರಡನೆಯ ಮಹಾಯುದ್ಧದ ನಂತರ ಪೋಲೆಂಡಿನ ಸರ್ಕಾರ ಕಾರ್ಖಾನೆಯನ್ನು ರಾಷ್ಟ್ರೀಕರಣಗೊಳಿಸಿತು. 1951ರಲ್ಲಿ ಅದಕ್ಕೆ ಕೊಪರ್ನಿಕಸ್ಸನ ಹೆಸರಿಟ್ಟರು. ಕಮ್ಯುನಿಸ್ಟ್ ಆಡಳಿತ ಮುಗಿದ ಮೇಲೆ 1991ರಲ್ಲಿ ಅದು ಖಾಸಗಿ ಕಂಪನಿಯಾಯಿತು. ಜರ್ಮನ್ ಮನೆತನ ಬೆಳೆಸಿದ್ದನ್ನು ಪೋಲಿಷ್ ಕೆಲಸಗಾರರು ಮುಂದುವರಿಸಿದರು ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ವಾಡಿಕೆ. ವಾಸ್ತವದಲ್ಲಿ ವೇಸೆಗಳು ಕೂಡ ಅದನ್ನು ಶೂನ್ಯದಿಂದ ಹುಟ್ಟಿಸಿದವರಲ್ಲ. ನಾಲ್ಕು ಶತಮಾನಗಳ ಬೇಕರಿಯವರಿಂದ ಪಡೆದು ಬೆಳೆಸಿದವರು. ಪಾಕಪದ್ಧತಿಯ ಗುಟ್ಟು ಮನೆತನದ್ದಿರಬಹುದು, ಪರಂಪರೆ ಊರಿನದು. ಒಡೆತನ ಬದಲಾದರೂ ಊರೂ ಒಲೆಯೂ ಕೆಲಸ ಬಲ್ಲ ಕೈಗಳೂ ಅಲ್ಲೇ ಇದ್ದುದರಿಂದ ಅದು ಬದುಕಿತು.

ಯೂರೋಪಿನ ಇತರ ಮನೆಗಳು

ಇಂಥ ಮನೆತನಗಳು ಬೇರೆಡೆಯೂ ಇವೆ. ಫ್ರಾನ್ಸಿನ ದಿಜೋನ್‌ನಲ್ಲಿ 1796ರಲ್ಲಿ ಶುರುವಾದ ಮ್ಯುಲೊ ಎ ಪೆತಿಜಾಂ ಇಂದಿಗೂ ಪ್ಯಾಂ ದೆಪೀಸ್ ತಯಾರಿಸುತ್ತಿದ್ದು, ತನ್ನದೇ ವಸ್ತುಸಂಗ್ರಹಾಲಯವನ್ನೂ ನಡೆಸುತ್ತಿದೆ. ಅಲ್ಸಾಸ್ ಪ್ರಾಂತದ ಗೆರ್ಟ್‌ವಿಲ್ಲರ್ ಎಂಬ ಹಳ್ಳಿಯಲ್ಲಿ ಫೋರ್ಟ್‌ವೆಂಗರ್ ಮನೆ 1768ರಷ್ಟು ಹಳೆಯದು. ಜರ್ಮನಿಯ ಸ್ಯಾಕ್ಸನಿಯಲ್ಲಿ ಪುಲ್ಸ್‌ನಿಟ್ಸ್ ಎಂಬ ಪುಟ್ಟ ಊರಿನ ಬೇಕರಿಯವರಿಗೆ 1558ರಲ್ಲೇ ಜಿಂಜರ್‌ಬ್ರೆಡ್ ಬೇಯಿಸುವ ಅಧಿಕಾರ ಸಿಕ್ಕಿತ್ತು. ಮನೆತನಗಳು ನಡೆಸುವ ಸಣ್ಣ ಬೇಕರಿಗಳೇ ಅಲ್ಲಿ ಇಂದಿಗೂ ಕಸುಬಿನ ಆಧಾರ. ಇಂಗ್ಲೆಂಡಿನ ಗ್ರಾಸ್ಮಿಯರ್‌ನಲ್ಲಿ ಸಾರಾ ನೆಲ್ಸನ್ ಎಂಬ ಅಡುಗೆಯಾಕೆ 1854ರಲ್ಲಿ ಹಳೆಯ ಶಾಲಾ ಕಟ್ಟಡದಲ್ಲಿ ಆರಂಭಿಸಿದ ಅಂಗಡಿ ಅದೇ ಕಟ್ಟಡದಲ್ಲಿ ಮುಂದುವರಿದಿದೆ. ನ್ಯೂರೆಂಬರ್ಗ್ ಲೆಬ್‌ಕೂಖೆನ್‌ಗೆ 1996ರಿಂದ ಯೂರೋಪಿಯನ್ ಒಕ್ಕೂಟದ ಭೌಗೋಳಿಕ ಗುರುತಿನ ರಕ್ಷಣೆ ಇದೆ. ಉತ್ತರ ಕ್ರೊಯೇಷ್ಯಾದ ಕೆಂಪು ಹೃದಯಾಕಾರದ ಲಿಸಿತಾರ್ ತಯಾರಿಕೆಯನ್ನು ಯುನೆಸ್ಕೊ 2010ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಂದಿನ ಸ್ಥಿತಿ

ತೊರೂನ್‌ನ ಹಳೆಯ ಊರು 1997ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣ. ರಾಬಿಯಾನ್ಸ್ಕಾ ಬೀದಿಯಲ್ಲಿ ಪ್ರವಾಸಿಗರು ತಾವೇ ಕಣಕ ಕಲಸಿ ಅಚ್ಚಿಗೊತ್ತುವ ಜೀವಂತ ಜಿಂಜರ್‌ಬ್ರೆಡ್ ಮ್ಯೂಸಿಯಂ 2006ರಿಂದ ನಡೆಯುತ್ತಿದೆ. ಸ್ತ್ರುಮಿಕೋವಾ ಬೀದಿಯ ಹಳೆಯ ವೇಸೆ ಕಾರ್ಖಾನೆ 2015ರಲ್ಲಿ ಜಿಲ್ಲಾ ವಸ್ತುಸಂಗ್ರಹಾಲಯದ ಶಾಖೆಯಾಗಿ ತೆರೆಯಿತು. ಮೊದಲನೆಯದು ಮಕ್ಕಳಿಗೆ ಹಬ್ಬ. ಚರಿತ್ರೆ ಬೇಕಾದವರಿಗೆ ಎರಡನೆಯದೇ ಮುಖ್ಯ. ಹಳೆಯ ಒಲೆಗಳನ್ನು ಅವು ಇದ್ದ ಜಾಗದಲ್ಲೇ ಅಲ್ಲಿ ನೋಡಬಹುದು.

ಆ ಊರಿಗೆ ಹೋಗುವ ಓದುಗರು ಅಂಗಡಿಗೆ ಹೋಗುವ ಮೊದಲು ಅಚ್ಚುಗಳನ್ನು ನೋಡಲಿ. ಕೊಳ್ಳುವಾಗ ಚಾಕೊಲೇಟ್ ಹೊದಿಕೆ ಇಲ್ಲದ ಕಟರ್ಝಿಂಕಾವನ್ನೇ ಆರಿಸಿಕೊಳ್ಳಲಿ; ಸಂಬಾರದ ಹದ ಗೊತ್ತಾಗುವುದು ಅದರಲ್ಲೇ.